ವಾಸ್ತುವಿನ್ಯಾಸ ಮತ್ತು ನಗರ ಯೋಜನೆ ಕಲಿಯಲು ಅಂತರ್ಜಾಲದಲ್ಲಿ ಎಲ್ಲಿ ಹುಡುಕಬೇಕು?

ಪ್ರಶ್ನೆ | ನವನಗರದ ನಕ್ಷೆಗಾರ್ತಿ, ಬಾಗಲಕೋಟೆ

ಎಲ್ಲರಿಗೂ ನಮಸ್ಕಾರ. ನಾನು ಸಿವಿಲ್ ಡಿಪ್ಲೊಮಾ ಮುಗಿಸಿ, ಬಾಗಲಕೋಟೆಯ ನವನಗರದಲ್ಲಿ ಎಂಜಿನಿಯರರೊಬ್ಬರ ಕಚೇರಿಯಲ್ಲಿ ನಾಲ್ಕು ವರ್ಷಗಳಿಂದ ಮನೆಗಳ ನಕ್ಷೆ ಬರೆಯುತ್ತಿದ್ದೇನೆ. ಆರ್ಕಿಟೆಕ್ಚರ್ ಓದಿದವಳಲ್ಲ. ನಮ್ಮಲ್ಲಿಗೆ ಬರುವವರಲ್ಲಿ ಹೆಚ್ಚಿನವರು 30×40 ಅಡಿಯ ನಿವೇಶನದವರು. ಮೊಬೈಲಿನಲ್ಲಿ ಯಾವುದೋ ಊರಿನ ಮನೆಯ ಎಲಿವೇಶನ್ (ಮುಂಭಾಗದ ನೋಟ) ತೋರಿಸಿ ಇಂಥದ್ದೇ ಬೇಕು ಎನ್ನುತ್ತಾರೆ, ನಾನು ಅದನ್ನೇ ಅಳತೆಗೆ ಹೊಂದಿಸಿ ಬರೆದುಕೊಡುತ್ತೇನೆ. ಹೋದ ಏಪ್ರಿಲ್ ತಿಂಗಳಲ್ಲಿ, ಗೃಹಪ್ರವೇಶವಾಗಿ ಮೂರು ತಿಂಗಳಾಗಿದ್ದ ಒಂದು ಮನೆಯ ತಾಯಿಯೊಬ್ಬರು ಕಚೇರಿಗೆ ಬಂದು, ಮಹಡಿಯ ಪಶ್ಚಿಮದ ಕೋಣೆಯಲ್ಲಿ ನಡುರಾತ್ರಿಯವರೆಗೂ ಗೋಡೆ ಕಾವು ಬಿಡುತ್ತದೆ, ಮಕ್ಕಳನ್ನು ಅಲ್ಲಿ ಮಲಗಿಸಲು ಆಗುತ್ತಿಲ್ಲ ಎಂದು ಹೇಳಿದರು. ಆ ಕೋಣೆಯನ್ನು ಅಲ್ಲಿಟ್ಟು ಬರೆದವಳು ನಾನು. ಅದನ್ನು ಅಲ್ಲಿಯೇ ಏಕೆ ಇಟ್ಟೆ ಎಂದು ಅವರು ಕೇಳಿದಾಗ ನನ್ನ ಬಳಿ ಉತ್ತರವಿರಲಿಲ್ಲ.

ಅಂದಿನಿಂದ ಬಿಡುವು ಸಿಕ್ಕಾಗಲೆಲ್ಲ ಅಂತರ್ಜಾಲದಲ್ಲಿ ಹುಡುಕುತ್ತಿದ್ದೇನೆ. ಸಿಗುವುದೆಲ್ಲ ಮುಂಭಾಗದ ಬಣ್ಣಬಣ್ಣದ ಚಿತ್ರಗಳು. ಅವುಗಳಲ್ಲಿ ಊರಿನ ಹೆಸರಿಲ್ಲ, ದಿಕ್ಕಿನ ಗುರುತಿಲ್ಲ, ಒಳಗಿನ ಪ್ಲಾನ್ ಇಲ್ಲ. ಪ್ಲಾನ್ (ಮೇಲಿನಿಂದ ನೋಡಿದಂತೆ ಕೋಣೆಗಳ ನಕ್ಷೆ) ಮತ್ತು ಸೆಕ್ಷನ್ (ಕಟ್ಟಡವನ್ನು ಮೇಲಿನಿಂದ ಕೆಳಕ್ಕೆ ಸೀಳಿದಂತೆ ತೋರಿಸುವ ನಕ್ಷೆ) ಸಮೇತ, ಹೀಗೇಕೆ ಕಟ್ಟಿದರು ಎಂಬ ಕಾರಣವನ್ನೂ ಹೇಳುವ, ನಂಬಬಹುದಾದ ಉಚಿತ ಸಂಗ್ರಹಗಳು ಇವೆಯೇ? ಪಟ್ಟದಕಲ್ಲು, ವಿಜಯಪುರ ಮತ್ತು ನಮ್ಮ ಕಡೆಯ ಹಳೆಯ ಮಾಳಿಗೆ ಮನೆಗಳ (ಮಣ್ಣಿನ ಚಪ್ಪಟೆ ಚಾವಣಿಯ ಮನೆಗಳ) ಬಗ್ಗೆ ಅಳತೆಯ ನಕ್ಷೆಗಳು ಎಲ್ಲಿಯಾದರೂ ಸಿಗುತ್ತವೆಯೇ? ಇನ್ನೊಂದು ಮಾತು: ನಾನು ಬೆಳೆದದ್ದೇ ಯೋಜನೆ ಮಾಡಿ ಕಟ್ಟಿದ ಊರಿನಲ್ಲಿ. ಆದರೂ ನವನಗರದ ಸೆಕ್ಟರುಗಳು ಹೀಗೇಕಿವೆ ಎಂಬುದು ನನಗೆ ತಿಳಿಯದು. ಇಂಗ್ಲಿಷ್ ನಿಧಾನವಾಗಿ ಓದಿ ಅರ್ಥ ಮಾಡಿಕೊಳ್ಳಬಲ್ಲೆ. ದಾರಿ ತೋರಿಸಿ.

ಉತ್ತರ | ನಿವೃತ್ತ ಅಧ್ಯಾಪಕ, ಬೆಳಗಾವಿ

ತಂಗಿ, ಬೆಳಗಾವಿಯಲ್ಲಿ ಬಹಳ ವರ್ಷ ವಾಸ್ತುವಿನ್ಯಾಸದ ಪಾಠ ಹೇಳಿದವನು ನಾನು. ನಿಮ್ಮ ಪ್ರಶ್ನೆಯನ್ನು ಎರಡು ಸಲ ಓದಿದೆ. ಆ ತಾಯಿಯ ಮಾತನ್ನು ಮನಸ್ಸಿಗೆ ಹಚ್ಚಿಕೊಂಡು ಕಲಿಯಲು ಹೊರಟಿದ್ದೀರಲ್ಲ, ಕಲಿಕೆಗೆ ಅದಕ್ಕಿಂತ ಗಟ್ಟಿಯಾದ ಪಾಯ ಬೇರೆ ಬೇಕಿಲ್ಲ. ಮನೆಯಲ್ಲಿ ಜನ ಹೇಗೆ ಓಡಾಡುತ್ತಾರೆ ಎಂಬುದನ್ನು ಪ್ಲಾನ್ ಹೇಳುತ್ತದೆ. ಗಾಳಿ, ಬೆಳಕು, ಬಿಸಿ ಹೇಗೆ ಓಡಾಡುತ್ತವೆ ಎಂಬುದನ್ನು ಸೆಕ್ಷನ್ ಹೇಳುತ್ತದೆ. ಆದ್ದರಿಂದ ಸೆಕ್ಷನ್ ಇಲ್ಲದ ಯಾವ ಪುಟದ ಮೇಲೂ ಹೆಚ್ಚು ಹೊತ್ತು ಕಳೆಯಬೇಡಿ.

ಮೊದಲು ಆರ್ಕ್‌ನೆಟ್ ನೋಡಿ. ಅಮೆರಿಕದ ಎಂಐಟಿ ವಿಶ್ವವಿದ್ಯಾಲಯ ಮತ್ತು ಆಗಾ ಖಾನ್ ಸಂಸ್ಥೆಗಳು ಸೇರಿ ಬೆಳೆಸಿದ ಈ ಸಂಗ್ರಹಕ್ಕೆ ಶುಲ್ಕವಿಲ್ಲ. ಇಸ್ಲಾಮಿ ಜಗತ್ತಿನ ಕಟ್ಟಡಗಳಿಗಾಗಿ ಆರಂಭವಾದದ್ದಾದರೂ, ವಾಸ್ತುಶಿಲ್ಪಕ್ಕೆ ಕೊಡುವ ಆಗಾ ಖಾನ್ ಪ್ರಶಸ್ತಿಗೆ ಬಂದ ನಮ್ಮ ದೇಶದ ಅನೇಕ ಯೋಜನೆಗಳ ನಕ್ಷೆ, ಛಾಯಾಚಿತ್ರ ಮತ್ತು ಸ್ಥಳಕ್ಕೆ ಹೋಗಿ ಬಂದ ತಜ್ಞರ ವರದಿಗಳು ಅಲ್ಲಿವೆ. ಆ ವರದಿಗಳೇ ನಿಮಗೆ ಮುಖ್ಯ, ಏಕೆಂದರೆ ಅವುಗಳಲ್ಲಿ ಹೊಗಳಿಕೆಯ ಜೊತೆಗೆ, ಕಟ್ಟಿದ ಮೇಲೆ ಜನ ಅದನ್ನು ಹೇಗೆ ಬಳಸಿದರು ಎಂಬುದೂ ಇರುತ್ತದೆ. ಇಂದೋರಿನ ಅರಣ್ಯ ವಸತಿ ಯೋಜನೆಯಿಂದ ಆರಂಭಿಸಿ. ವಾಸ್ತುಶಿಲ್ಪಿ ಬಿ. ವಿ. ದೋಶಿ ಅವರ ತಂಡ ರೂಪಿಸಿದ ಈ ಬಡಾವಣೆಗೆ 1995ರಲ್ಲಿ ಆ ಪ್ರಶಸ್ತಿ ಬಂತು. ಅತಿ ಬಡವರಿಗೆಂದು ಇಟ್ಟ ನಿವೇಶನ 35 ಚದರ ಮೀಟರ್, ಅಂದರೆ ಸುಮಾರು 375 ಚದರ ಅಡಿ. ನಿಮ್ಮ 30×40ರ ಮೂರನೆಯ ಒಂದು ಪಾಲೂ ಅಲ್ಲ. ಅಷ್ಟರಲ್ಲಿ ಪಾಯ, ಶೌಚಾಲಯ, ನೀರು ಇವನ್ನು ಕೊಟ್ಟು, ಉಳಿದದ್ದನ್ನು ಮನೆಯವರು ಕೈಯಲ್ಲಿ ಹಣ ಬಂದ ಹಾಗೆ ಕಟ್ಟಿಕೊಳ್ಳಲು ಬಿಟ್ಟರು. ಮೆಟ್ಟಿಲನ್ನು ಬೀದಿಯ ಕಡೆಗೆ ಇಟ್ಟರೆ ಏನಾಗುತ್ತದೆ, ಮುಂದಿನ ಕಟ್ಟೆಯ ಮೇಲೆ ಯಾರು ಯಾವಾಗ ಕೂಡುತ್ತಾರೆ ಎಂಬುದನ್ನೆಲ್ಲ ಆ ಪ್ಲಾನುಗಳಲ್ಲಿ ಓದಬಹುದು.

ಅದಾದ ಮೇಲೆ ವಾಸ್ತುಶಿಲ್ಪಿ ಚಾರ್ಲ್ಸ್ ಕೊರಿಯಾ ಅವರ ಕೆಲಸಗಳನ್ನು ಹುಡುಕಿ. 1960ರ ದಶಕದ ಆರಂಭದಲ್ಲಿ ಅವರು ಅಹಮದಾಬಾದಿನಲ್ಲಿ ಕಟ್ಟಿದ ಟ್ಯೂಬ್ ಹೌಸ್ ಸೆಕ್ಷನ್ ಕಲಿಯಲು ಬಹಳ ಒಳ್ಳೆಯ ಪಾಠ. ಅಗಲ ಕಡಿಮೆ, ಉದ್ದ ಹೆಚ್ಚು. ಒಳಚಾವಣಿಯನ್ನು ಓರೆಯಾಗಿ ಏರಿಸಿ ತುದಿಯಲ್ಲಿ ಕಿಂಡಿ ಬಿಟ್ಟಿದ್ದಾರೆ. ಬಿಸಿಗಾಳಿ ಆ ಓರೆಯನ್ನೇ ಹಿಡಿದು ಮೇಲೇರಿ ಹೊರಗೆ ಹೋಗುತ್ತದೆ, ಕೆಳಗಿನಿಂದ ಹೊಸ ಗಾಳಿ ಒಳಗೆ ಬರುತ್ತದೆ. ಆ ಮನೆಯನ್ನು ಈಗ ಕೆಡವಿದ್ದಾರೆ, ಆದರೆ ಒಂದೇ ಒಂದು ಸೆಕ್ಷನ್ ನೋಡಿ ಮನೆಯನ್ನು ಪೂರ್ತಿ ತಿಳಿದುಕೊಳ್ಳಬಹುದಾದ ಇಂಥ ಉದಾಹರಣೆ ಅಪರೂಪ. ನವೀ ಮುಂಬಯಿಯ ಬೇಲಾಪುರದಲ್ಲಿ ಅವರು ಏಳು ಮನೆಗಳನ್ನು ಸುಮಾರು 8 ಮೀಟರ್ ಚೌಕದ ಒಂದು ಅಂಗಳದ ಸುತ್ತ ಕೂಡಿಸಿ, ಅಂಥ ಮೂರು ಗುಂಪುಗಳನ್ನು ಇನ್ನೂ ದೊಡ್ಡದೊಂದು ಅಂಗಳಕ್ಕೆ ಜೋಡಿಸಿದರು. ಅದನ್ನೂ ಬಿಡಬೇಡಿ.

ಅಳತೆಯ ನಕ್ಷೆ ಹೇಗಿರಬೇಕು ಎಂಬುದನ್ನು ಕಲಿಯಲು ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ಸಿನ ಸಂಗ್ರಹಕ್ಕೆ ಹೋಗಿ. 1933ರಲ್ಲಿ, ಆರ್ಥಿಕ ಕುಸಿತದಿಂದ ಕೆಲಸವಿಲ್ಲದೆ ಕುಳಿತಿದ್ದ ವಾಸ್ತುಶಿಲ್ಪಿಗಳಿಗೆ ಕೆಲಸ ಕೊಡಲೆಂದು ಅಲ್ಲಿನ ಸರ್ಕಾರ ಹಳೆಯ ಕಟ್ಟಡಗಳನ್ನು ಅಳೆಸಿ ಬರೆಯಿಸತೊಡಗಿತು. ಆ ಹಾಳೆಗಳನ್ನು ದೊಡ್ಡ ಗಾತ್ರದಲ್ಲಿಯೇ ಇಳಿಸಿಕೊಳ್ಳಬಹುದು. ಕಟ್ಟಡಗಳು ಪರದೇಶದವು, ನಿಜ. ಆದರೆ ಗೆರೆಯ ದಪ್ಪ, ಕಿಟಕಿಯ ಚೌಕಟ್ಟಿನ ವಿವರ, ಅಳತೆ ಬರೆಯುವ ಶಿಸ್ತು ಇವಕ್ಕೆ ದೇಶದ ಗಡಿಯಿಲ್ಲ. ಉಪನ್ಯಾಸ ಕೇಳಬೇಕೆಂದರೆ ಐಐಟಿಗಳ ಪಾಠಗಳ ತಾಣವಾದ ಎನ್‌ಪಿಟಿಇಎಲ್‌ನಲ್ಲಿ ವಾಸ್ತುವಿನ್ಯಾಸ ಮತ್ತು ಯೋಜನೆಯ ಪಾಠಗಳಿವೆ. ಕೇಳಲು ಖರ್ಚಿಲ್ಲ, ಪ್ರಮಾಣಪತ್ರ ಬೇಕಾದವರು ಮಾತ್ರ ಪರೀಕ್ಷೆಯ ಶುಲ್ಕ ಕಟ್ಟಬೇಕು.

ಉತ್ತರ | ಆರುಕಿಲ್ಲ, ವಿಜಯಪುರ

ಅಧ್ಯಾಪಕರು ಹೊರಗಿನದನ್ನು ಹೇಳಿದ್ದಾರೆ. ನಮ್ಮ ಕಡೆಯದನ್ನು ನಾನು ಹೇಳುತ್ತೇನೆ. ಹೆನ್ರಿ ಕಝೆನ್ಸ್ ಅವರು ಪುರಾತತ್ವ ಇಲಾಖೆಗಾಗಿ ವಿಜಯಪುರದ ಕಟ್ಟಡಗಳನ್ನೆಲ್ಲ ಅಳೆದು 1916ರಲ್ಲಿ ಒಂದು ದೊಡ್ಡ ಸಂಪುಟವನ್ನೂ, ಚಾಲುಕ್ಯರ ದೇವಾಲಯಗಳ ಬಗ್ಗೆ 1926ರಲ್ಲಿ ಇನ್ನೊಂದನ್ನೂ ಹೊರತಂದರು. ಎರಡೂ ಇಂಟರ್ನೆಟ್ ಆರ್ಕೈವ್‌ನಲ್ಲಿ ಪುಟ ಬಿಡದೆ ಸಿಗುತ್ತವೆ. ಅವರ ಕೆಲವು ಅಭಿಪ್ರಾಯಗಳನ್ನು ಮುಂದಿನ ವಿದ್ವಾಂಸರು ತಿದ್ದಿದ್ದಾರೆ. ಆದರೂ ನಕ್ಷೆಯ ಹಾಳೆಗಳನ್ನು ಇಂದಿಗೂ ಕೈಯಲ್ಲಿ ಹಿಡಿದು ನಡೆಯಬಹುದು.

ಹಿಡಿದು ನಡೆಯಿರಿ ಎಂದೇ ನಿಮಗೂ ಹೇಳುತ್ತೇನೆ. ಗೋಳಗುಮ್ಮಟದ ಸೆಕ್ಷನ್ ಹಾಳೆಯನ್ನು ದೊಡ್ಡದಾಗಿ ಅಚ್ಚು ಹಾಕಿಸಿಕೊಂಡು, ಬೆಳಗ್ಗೆ ಜನ ಸೇರುವ ಮೊದಲೇ ಒಳಗೆ ಹೋಗಿ ನಿಲ್ಲಿ. ಕೆಳಗಿನ ಚೌಕದ ಒಂದೊಂದು ಬದಿ ಒಳಗಡೆ ಸುಮಾರು 135 ಅಡಿ. ಮೇಲಿನ ಗುಮ್ಮಟದ ಒಳವ್ಯಾಸ ಸುಮಾರು 124 ಅಡಿ. ಚೌಕದಿಂದ ವೃತ್ತಕ್ಕೆ ಹೋಗುವುದು ಹೇಗೆ ಎಂಬ ಪ್ರಶ್ನೆಗೆ ಕಟ್ಟಿದವರು ಕೊಟ್ಟ ಉತ್ತರ ಅಲ್ಲಿಯೇ ಕಣ್ಣೆದುರಿಗಿದೆ. ಒಂದರ ಮೇಲೊಂದು ತಿರುಗಿಸಿಟ್ಟ ಎರಡು ಚೌಕಗಳ ಗೆರೆಗಳ ಮೇಲೆ ಎಂಟು ಕಮಾನುಗಳನ್ನು ಒಂದನ್ನೊಂದು ಹಾಯುವಂತೆ ಎಬ್ಬಿಸಿ, ಅವುಗಳ ನಡುವಿನ ಕಟ್ಟಣವನ್ನು ಒಳಗೆ ಬಾಗಿಸುತ್ತ ಹೋಗಿದ್ದಾರೆ. ನಾವು ಪಿಸುಮಾತು ಕೇಳಲು ಹೋಗುವ ಗ್ಯಾಲರಿ ನಿಂತಿರುವುದು ಆ ಬಾಗಿದ ಕಟ್ಟಣದ ಮೇಲೆಯೇ. ಗುಮ್ಮಟ ತನ್ನ ಭಾರದಿಂದ ಗೋಡೆಗಳನ್ನು ಹೊರಕ್ಕೆ ತಳ್ಳುತ್ತದೆ. ಒಳಕ್ಕೆ ಚಾಚಿದ ಈ ಕಟ್ಟಣದ ಭಾರ ಒಳಕ್ಕೆ ಎಳೆಯುತ್ತದೆ. ಎರಡೂ ಒಂದನ್ನೊಂದು ಹಿಡಿದಿಡುತ್ತವೆ. ಪ್ಲಾನಿನಲ್ಲಿ ಇದು ಗೆರೆಗಳ ನಕ್ಷತ್ರದಂತೆ ಕಂಡು ಮುಗಿದುಹೋಗುತ್ತದೆ, ಸೆಕ್ಷನ್ ಪಕ್ಕದಲ್ಲಿಟ್ಟಾಗಲೇ ಬಿಗಿ ತಿಳಿಯುತ್ತದೆ. ನಾನು ಚಿಕ್ಕಂದಿನಿಂದ ನೋಡಿದ ಕಟ್ಟಡ ಅದು, ಆದರೂ ಹಾಳೆ ಹಿಡಿದು ಹೋದ ದಿನವೇ ಅದನ್ನು ಕಂಡೆ ಎನ್ನಬೇಕು.

ದೇವಾಲಯಗಳ ಛಾಯಾಚಿತ್ರ ಮತ್ತು ನಕ್ಷೆಗಳಿಗೆ ಅಮೆರಿಕನ್ ಇನ್‌ಸ್ಟಿಟ್ಯೂಟ್ ಆಫ್ ಇಂಡಿಯನ್ ಸ್ಟಡೀಸ್ ಸಂಸ್ಥೆಯ ಚಿತ್ರಸಂಗ್ರಹ ಬಹಳ ದೊಡ್ಡದು. ಪಟ್ಟದಕಲ್ಲು, ಐಹೊಳೆ ಎಂದು ಊರಿನ ಹೆಸರಿನಿಂದಲೇ ಹುಡುಕಬಹುದು. ಪಟ್ಟದಕಲ್ಲು 1987ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ್ದರಿಂದ ಯುನೆಸ್ಕೊ ತಾಣದಲ್ಲಿ ಅದರ ದಾಖಲೆಗಳೂ ಇವೆ. ಕೇಂದ್ರ ಸಂಸ್ಕೃತಿ ಸಚಿವಾಲಯದ ಇಂಡಿಯನ್ ಕಲ್ಚರ್ ತಾಣದಲ್ಲಿ ಹಳೆಯ ವರದಿಗಳನ್ನು ಓದಬಹುದು. ಮಾಳಿಗೆ ಮನೆಗಳ ಮಾತು ಬೇರೆ. ಪಡಸಾಲೆ, ದನದ ಅಂಕಣ, ಬೆಳಕಿಂಡಿ, ಹಗೇವು (ನೆಲದೊಳಗಿನ ಕಾಳಿನ ಕಣಜ) ಎಲ್ಲವನ್ನೂ ಅಳೆದು ಬರೆದ ನಕ್ಷೆಗಳು ನನಗೆ ಬೆರಳೆಣಿಕೆಯಷ್ಟೂ ಸಿಕ್ಕಿಲ್ಲ, ಮನೆಗಳು ಮಾತ್ರ ವರ್ಷವರ್ಷವೂ ಬೀಳುತ್ತಿವೆ. ಟೇಪು ಹಿಡಿಯಬಲ್ಲ ನೀವೇ ಒಂದನ್ನು ಅಳೆದು ಬರೆದರೆ ನಮಗೆಲ್ಲ ಉಪಕಾರವಾಗುತ್ತದೆ.

ಉತ್ತರ | ಸೈಟ್ ಎಂಜಿನಿಯರ್, ಜಮಖಂಡಿ

ಮೇಲಿನ ಇಬ್ಬರ ಮೇಲೂ ಗೌರವವಿದೆ, ಆದರೆ ಈ ತಂಗಿ ಸೋಮವಾರ ಮತ್ತೆ 30×40ರ ಮನೆಯನ್ನೇ ಬರೆಯಬೇಕು. ಗುಮ್ಮಟಕ್ಕಿಂತ ಮೊದಲು ಸೂರ್ಯನನ್ನು ಓದಲಿ.

ಸನ್‌ಕ್ಯಾಲ್ಕ್ ಎಂಬ ತಾಣದಲ್ಲಿ ನಿಮ್ಮ ನಿವೇಶನದ ಮೇಲೆ ಗುರುತಿಟ್ಟರೆ ಯಾವ ದಿನ, ಯಾವ ಹೊತ್ತಿಗೆ ಸೂರ್ಯ ಎಲ್ಲಿರುತ್ತಾನೆ ಎಂದು ತೋರಿಸುತ್ತದೆ. ಬಾಗಲಕೋಟೆ ಸುಮಾರು 16.2 ಡಿಗ್ರಿ ಉತ್ತರ ಅಕ್ಷಾಂಶದಲ್ಲಿರುವುದರಿಂದ ಮೇ ಮೊದಲ ವಾರದಿಂದ ಆಗಸ್ಟ್ ಮೊದಲ ವಾರದವರೆಗೆ ನಡುಹಗಲ ಸೂರ್ಯ ನೆತ್ತಿಯಿಂದ ತುಸು ಉತ್ತರಕ್ಕೇ ಇರುತ್ತಾನೆ. ಡಿಸೆಂಬರ್ ಕೊನೆಗೆ ದಕ್ಷಿಣದಲ್ಲಿ ಸುಮಾರು 50 ಡಿಗ್ರಿ ಎತ್ತರಕ್ಕೆ ಇಳಿಯುತ್ತಾನೆ. ಲೆಕ್ಕ ಹಾಕಿ ನೋಡಿ: ದಕ್ಷಿಣದ ಕಿಟಕಿಯ ನೆತ್ತಿಗೇ 2 ಅಡಿಯ ಸಜ್ಜಾ (ಗೋಡೆಯಿಂದ ಹೊರಚಾಚಿದ ಹಲಗೆ) ಕೊಟ್ಟರೆ, ಮಾರ್ಚ್ 21ರ ನಡುಹಗಲಿಗೆ ನೆರಳು ಆರೂ ಮುಕ್ಕಾಲು ಅಡಿಗಿಂತ ಕೆಳಗೆ ಬೀಳುತ್ತದೆ, ಅಂದರೆ 4 ಅಡಿಯ ಕಿಟಕಿ ಪೂರ್ತಿ ನೆರಳಿನಲ್ಲಿರುತ್ತದೆ, ಡಿಸೆಂಬರಿನಲ್ಲಿ ನೆರಳು ಎರಡೂವರೆ ಅಡಿಗೂ ಕಡಿಮೆ, ಕೆಳಗಿನ ಭಾಗದಿಂದ ಬೆಚ್ಚನೆಯ ಬಿಸಿಲು ಒಳಗೆ ಬರುತ್ತದೆ. ಆದರೆ ಪಶ್ಚಿಮದಲ್ಲಿ ಸಂಜೆಯ ಬಿಸಿಲು ತಗ್ಗಿನಿಂದ ನೇರವಾಗಿ ಹೊಡೆಯುತ್ತದೆ, ಅಲ್ಲಿ ಸಜ್ಜಾ ಎಷ್ಟು ಚಾಚಿದರೂ ನಡೆಯದು. ಆ ಬದಿಗೆ ಮೆಟ್ಟಿಲು, ಬಚ್ಚಲು, ಸಾಮಾನಿನ ಕೋಣೆಗಳನ್ನು ಇಟ್ಟು ಮಲಗುವ ಕೋಣೆಯನ್ನು ಒಳಗೆ ಸರಿಸಿ, ಇಲ್ಲವೇ ಗೋಡೆಗೇ ನೆರಳು ಕೊಡಿ.

ರಾಷ್ಟ್ರೀಯ ಕಟ್ಟಡ ಸಂಹಿತೆ 2016 ಮತ್ತು ಐಎಸ್ (ಭಾರತೀಯ ಮಾನಕ) ಸಂಹಿತೆಗಳನ್ನು ಭಾರತೀಯ ಮಾನಕ ಬ್ಯೂರೊದ ತಾಣದಲ್ಲಿ ಹುಡುಕಿ. ಒಣ ಬಿಸಿ ಹವೆಯಲ್ಲಿ ಬಾಗಿಲು ಬಿಟ್ಟು ಉಳಿದ ಕಿಂಡಿಗಳ ವಿಸ್ತೀರ್ಣ ನೆಲದ ಹತ್ತನೆಯ ಒಂದು ಭಾಗ, ತೇವದ ಬಿಸಿ ಹವೆಯಲ್ಲಿ ಆರನೆಯ ಒಂದು ಭಾಗ ಇರಬೇಕು ಎಂಬಂಥ ನಿಯಮಗಳು ಸಂಹಿತೆಯಲ್ಲಿವೆ. ಎರೆ ಭೂಮಿಯಲ್ಲಿ ಪಾಯ ಹಾಕುವವರು ಐಎಸ್ 2911ರ ಮೂರನೆಯ ಭಾಗವನ್ನು, ಅಂದರೆ ಅಂಡರ್‌ರೀಮ್ಡ್ ಪೈಲುಗಳ (ನೆಲದೊಳಗೆ ಬುಡ ಅಗಲಿಸಿದ ಕಂಬಗಳ) ಭಾಗವನ್ನು ಓದಲೇಬೇಕು. ಇವೆಲ್ಲ ಒಣ ಓದು ಎನಿಸಿದಾಗ ಕಡಿಮೆ ಖರ್ಚಿನ ಮನೆಗಳಿಗೆ ಹೆಸರಾದ ವಾಸ್ತುಶಿಲ್ಪಿ ಲಾರಿ ಬೇಕರ್ ಅವರು ಸ್ವತಃ ಕೈಯಲ್ಲಿ ಬರೆದು, ಚಿತ್ರ ಬಿಡಿಸಿದ ಪುಸ್ತಿಕೆಗಳನ್ನು ತೆಗೆಯಿರಿ. ಜಾಲದಲ್ಲಿ ಉಚಿತವಾಗಿ ಸಿಗುತ್ತವೆ. ಇಟ್ಟಿಗೆಯನ್ನು ಮಗ್ಗುಲಾಗಿ ನಿಲ್ಲಿಸಿ ನಡುವೆ ಪೊಳ್ಳು ಬಿಡುವ ರ‍್ಯಾಟ್ ಟ್ರ್ಯಾಪ್ ಕಟ್ಟಣೆಯಲ್ಲಿ ಸುಮಾರು ಕಾಲು ಭಾಗ ಇಟ್ಟಿಗೆ ಉಳಿತಾಯವಾಗುತ್ತದೆ, ಆ ಪೊಳ್ಳು ಬಿಸಿಯನ್ನೂ ತಡೆಯುತ್ತದೆ. ಅಂಚು ಚೂಪಾಗಿರುವ ಒಳ್ಳೆಯ ಇಟ್ಟಿಗೆ ಮತ್ತು ಕೈಪಳಗಿದ ಗೌಂಡಿ ಇಲ್ಲದಿದ್ದರೆ ಮಾತ್ರ ಅದಕ್ಕೆ ಕೈ ಹಾಕಬೇಡಿ.

ಉತ್ತರ | ಘಟಪ್ರಭಾ ದಂಡೆ, ಬಾಗಲಕೋಟೆ

ನಗರ ಯೋಜನೆಯ ಪ್ರಶ್ನೆಗೆ ಯಾರೂ ಕೈ ಹಚ್ಚಿಲ್ಲವಾದ್ದರಿಂದ ಬರೆಯುತ್ತಿದ್ದೇನೆ. ಮೇಲೆ ಕೊರಿಯಾ ಅವರ ಹೆಸರು ಬಂತು. ತಂಗಿ, ನೀವು ಬೆಳೆದ ನವನಗರದ ಯೋಜನೆಯಲ್ಲಿಯೂ ಅವರ ಕೈಯಿದೆ. ಆಲಮಟ್ಟಿ ಜಲಾಶಯದ ಹಿನ್ನೀರಿಗೆ ಹಳೆಯ ಬಾಗಲಕೋಟೆಯ ದೊಡ್ಡ ಭಾಗ ಬಿಟ್ಟುಕೊಡಬೇಕಾಗಿ ಬಂದಾಗ, ಅಲ್ಲಿಂದ ಎದ್ದು ಬಂದವರಿಗಾಗಿ ಕಟ್ಟಿದ ಊರು ಇದು. ಆದ್ದರಿಂದ ಸೆಕ್ಟರುಗಳನ್ನು ಓದುವ ಮೊದಲು ನಾವು ಎಲ್ಲಿಂದ ಎದ್ದು ಬಂದೆವು ಎಂಬುದನ್ನು ಓದಬೇಕು.

ಗೂಗಲ್ ಅರ್ಥ್‌ನ ಟೈಮ್‌ಲ್ಯಾಪ್ಸ್ ತೆರೆದು ಬಾಗಲಕೋಟೆಗೆ ಬನ್ನಿ. ಉಪಗ್ರಹ ಚಿತ್ರಗಳು 1984ರಿಂದ ವರ್ಷಕ್ಕೊಂದರಂತೆ ಸರಿಯುತ್ತವೆ. ಮೊದಲು ಘಟಪ್ರಭೆ ಒಂದು ಸಣ್ಣ ಗೆರೆ. 2000ದ ಆಚೀಚೆ ಆ ಗೆರೆ ಅಗಲವಾಗಿ ಹೊಲಗಳನ್ನು ಒಳಗೆ ತೆಗೆದುಕೊಳ್ಳುತ್ತದೆ. ಇನ್ನೊಂದು ಬದಿಗೆ ನವನಗರದ ರಸ್ತೆಗಳು ಮೂಡುತ್ತವೆ. ಅದನ್ನು ನಮ್ಮ ತಂದೆಯವರಿಗೆ ತೋರಿಸಿದಾಗ ಅವರು ಬಹಳ ಹೊತ್ತು ಮಾತಾಡಲಿಲ್ಲ, ಆಮೇಲೆ ನಮ್ಮ ಓಣಿ ಎಲ್ಲಿತ್ತೆಂದು ಬೆರಳಿಟ್ಟು ತೋರಿಸಿದರು. ಇದಕ್ಕೆ ಆಧಾರವಾದ ಲ್ಯಾಂಡ್‌ಸ್ಯಾಟ್ ಚಿತ್ರಗಳು 1972ರಿಂದಲೂ ಇವೆ, 2008ರಿಂದ ಎಲ್ಲರಿಗೂ ಉಚಿತ. ಅದಕ್ಕೂ ಹಿಂದಿನದು ಬೇಕೆಂದರೆ ಟೆಕ್ಸಾಸ್ ವಿಶ್ವವಿದ್ಯಾಲಯದ ಗ್ರಂಥಾಲಯ 1950ರ ದಶಕದ 1:2,50,000 ಅಳತೆಯ ಭಾರತದ ನಕಾಶೆಗಳನ್ನು ಜಾಲಕ್ಕೆ ಹಾಕಿದೆ. ಸರ್ವೇ ಆಫ್ ಇಂಡಿಯಾ 1:50,000ರ ಹಾಳೆಗಳನ್ನು 2017ರಿಂದ ನೋಂದಣಿಯ ಮೇಲೆ ಉಚಿತವಾಗಿ ಕೊಡುತ್ತಿದೆ. ಸರ್ವೆ ನಂಬರು ತಿಳಿಯಲು ನಮ್ಮ ರಾಜ್ಯದ ದಿಶಾಂಕ್ ಆ್ಯಪ್ ನಿಮಗೆ ಗೊತ್ತೇ ಇರುತ್ತದೆ. ಇಸ್ರೊದ ಭುವನ್ ತಾಣವನ್ನೂ ನೋಡಿ.

ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ 1961ರ ಪ್ರಕಾರ ಯೋಜನಾ ಪ್ರಾಧಿಕಾರ ಮಹಾಯೋಜನೆಯನ್ನು ಸಿದ್ಧಪಡಿಸಿ ಜನರ ಅಭಿಪ್ರಾಯಕ್ಕೆ ಪ್ರಕಟಿಸಬೇಕು. ಯಾವ ಊರಿನದಾದರೂ ಸರಿ, ಅಂಥ ಒಂದು ವರದಿಯನ್ನು ಮೊದಲಿನಿಂದ ಕೊನೆಯವರೆಗೆ ಓದಿ. ಬಣ್ಣ ಬಳಿದ ನಕಾಶೆಯನ್ನಷ್ಟೇ ನೋಡಿ ಬಿಡುವವರೇ ಹೆಚ್ಚು. ರಸ್ತೆಯ ಅಗಲ, ಸೆಟ್‌ಬ್ಯಾಕ್ (ಕಟ್ಟಡದ ಸುತ್ತ ಬಿಡಬೇಕಾದ ಜಾಗ), ಎತ್ತರದ ಮಿತಿ ಎಲ್ಲವೂ ವಲಯ ನಿಯಮಾವಳಿಯಲ್ಲಿವೆ, ನಿಮ್ಮ ದಿನದ ಕೆಲಸಕ್ಕೆ ತಾಗುವುದೂ ಅದೇ. ಓಪನ್‌ಸ್ಟ್ರೀಟ್‌ಮ್ಯಾಪ್‌ನಲ್ಲಿ ಖಾತೆ ತೆರೆದು ಹಳೆಯ ಪೇಟೆಯ ಓಣಿಗಳನ್ನು, ಬಾವಿಗಳನ್ನು, ಕಟ್ಟೆಗಳನ್ನು ಕನ್ನಡದ ಹೆಸರಿನೊಂದಿಗೆ ಸೇರಿಸಿ. ಆ ಕೆಲಸಕ್ಕೆ ಯಾರ ಪರವಾನಗಿಯೂ ಬೇಡ.

ಮರುಮಾತು | ನವನಗರದ ನಕ್ಷೆಗಾರ್ತಿ

ಎಲ್ಲ ಹಿರಿಯರಿಗೂ ನಾನು ಋಣಿ. ಮೂರು ವಾರ ತಡವಾಗಿ ಬರೆಯುತ್ತಿದ್ದೇನೆ, ಏಕೆಂದರೆ ಹೇಳಿದ್ದನ್ನು ಮಾಡಿ ನೋಡದೆ ಬರೆಯಬಾರದು ಎನಿಸಿತು. ಅರಣ್ಯ ಯೋಜನೆಯ ವರದಿ ಓದಿದೆ. ಸನ್‌ಕ್ಯಾಲ್ಕ್ ತೆರೆದು ಆ ಪಶ್ಚಿಮದ ಕೋಣೆಯ ಮೇಲೆ ಗುರುತಿಟ್ಟಾಗ, ಏಪ್ರಿಲ್ ಸಂಜೆ 5 ಗಂಟೆಗೆ ಸೂರ್ಯ ಅದರ ಗೋಡೆಗೇ ಎದುರಾಗಿ ನಿಂತದ್ದು ಕಂಡು ಮನಸ್ಸಿಗೆ ನೋವಾಯಿತು. ಆ ಗೋಡೆಯ ಮುಂದೆ ಒಂದೂವರೆ ಅಡಿ ಬಿಟ್ಟು ಜಾಲಿ (ತೂತುಗಳುಳ್ಳ ತಡೆಗೋಡೆ) ಕಟ್ಟುವ ನಕ್ಷೆ ಬರೆದು ಆ ತಾಯಿಗೆ ಕೊಟ್ಟಿದ್ದೇನೆ, ನಮ್ಮ ಎಂಜಿನಿಯರರೂ ಒಪ್ಪಿದ್ದಾರೆ.

ಇನ್ನೊಂದು ಕೆಲಸವನ್ನೂ ಮಾಡಿದೆ. ಗುಳೇದಗುಡ್ಡದ ಬಳಿಯ ನಮ್ಮ ಅಜ್ಜಿಯ ಮಾಳಿಗೆ ಮನೆಯನ್ನು ತಮ್ಮನ ಜೊತೆ ಎರಡು ಭಾನುವಾರ ಅಳೆದೆ. ಗೋಡೆ ಎರಡೂವರೆ ಅಡಿ ದಪ್ಪ. ತೊಲೆಯ ಮೇಲೆ ಜಂತಿ, ಜಂತಿಯ ಮೇಲೆ ಸೀಳು ಕಟ್ಟಿಗೆ, ಅದರ ಮೇಲೆ ಒಂದಡಿಗೂ ಹೆಚ್ಚು ಮಣ್ಣು. ಪಡಸಾಲೆ 18 ಅಡಿಗೆ 10 ಅಡಿ, ಅಂದರೆ 180 ಚದರ ಅಡಿ. ಸಂಹಿತೆಯ ಪ್ರಕಾರ 18 ಚದರ ಅಡಿ ಕಿಂಡಿ ಇರಬೇಕು. ಇರುವುದು ಒಂದೂವರೆ ಅಡಿ ಚೌಕದ ಒಂದೇ ಬೆಳಕಿಂಡಿ, ಎರಡೂ ಕಾಲು ಚದರ ಅಡಿ. ಆದರೂ ಮಧ್ಯಾಹ್ನ ಎರಡು ಗಂಟೆಗೆ ಅಲ್ಲಿ ಕೂತರೆ ಹೊರಗೆ ಬಿಸಿಲಿದೆಯೆಂದೇ ಅನಿಸುವುದಿಲ್ಲ. ಹಾಗಾದರೆ ಸಂಹಿತೆ ತಪ್ಪೋ, ನನ್ನ ಲೆಕ್ಕ ತಪ್ಪೋ?

ಉತ್ತರ | ನಿವೃತ್ತ ಅಧ್ಯಾಪಕ, ಬೆಳಗಾವಿ

ತಂಗಿ, ಎರಡೂ ತಪ್ಪಲ್ಲ. ದಪ್ಪ ಮಣ್ಣಿನ ಗೋಡೆ ಮತ್ತು ಮಾಳಿಗೆ ಹಗಲಿನ ಬಿಸಿಯನ್ನು ತಮ್ಮಲ್ಲೇ ಹಿಡಿದಿಟ್ಟು ಹಲವು ಗಂಟೆ ತಡಮಾಡಿ ಒಳಗೆ ಬಿಡುತ್ತವೆ. ಆ ಹೊತ್ತಿಗೆ ರಾತ್ರಿಯಾಗಿರುತ್ತದೆ. ಬೇಸಿಗೆಯಲ್ಲಿ ಮನೆಮಂದಿ ಹಾಸಿಗೆ ಹೊತ್ತು ಮಾಳಿಗೆಯ ಮೇಲೆ ಹೋಗಿರುತ್ತಾರೆ. ಹಗಲು ಬಿಸಿಗಾಳಿ ಒಳಗೆ ಬರದಿರಲೆಂದೇ ಆ ಮನೆಯ ಕಿಂಡಿ ಸಣ್ಣದು. ಸಂಹಿತೆ ಲೆಕ್ಕ ಹಾಕುವುದು ರಾತ್ರಿಯೂ ಒಳಗೇ ಮಲಗುವವರ ಗಾಳಿಗೆ, ಬೆಳಕಿಗೆ, ಆರೋಗ್ಯಕ್ಕೆ. ನೀವು ಬರೆಯುವ ಮನೆಯಲ್ಲಿ ಜನ ರಾತ್ರಿ ಒಳಗೇ ಇರುತ್ತಾರೆ, ಗೋಡೆಯೂ ತೆಳ್ಳಗಿರುತ್ತದೆ. ಆದ್ದರಿಂದ ದೊಡ್ಡ ಕಿಟಕಿ ಇರಲಿ, ಹಗಲು ಅದಕ್ಕೆ ನೆರಳು ಮತ್ತು ಮುಚ್ಚುವ ಕದ ಇರಲಿ, ರಾತ್ರಿ ಪೂರ್ತಿ ತೆರೆಯುವಂತಿರಲಿ.

ಈಗ ಇನ್ನೊಂದು ಕೆಲಸ ಮಾಡಿ. ಒಂದು ಸಾದಾ ಥರ್ಮಾಮೀಟರನ್ನು ಪಡಸಾಲೆಯಲ್ಲಿ, ಇನ್ನೊಂದನ್ನು ಹೊರಗೆ ನೆರಳಿನಲ್ಲಿ ತೂಗುಹಾಕಿ, ಮಧ್ಯಾಹ್ನ 3ಕ್ಕೆ, ರಾತ್ರಿ 9ಕ್ಕೆ, ನಸುಕಿನ 5ಕ್ಕೆ ಒಂದು ವಾರ ಬರೆದಿಡಿ, ಆ ಅಂಕಿಗಳನ್ನು ನಿಮ್ಮ ಸೆಕ್ಷನ್ ಹಾಳೆಯ ಮೇಲೆಯೇ ಗುರುತಿಸಿ ಇಲ್ಲಿ ಹಾಕಿ. ಬೆಳಕಿಂಡಿಯ ಮುಚ್ಚಳವನ್ನು ಯಾವ ಹೊತ್ತಿಗೆ ತೆರೆಯುತ್ತಿದ್ದರು, ಯಾವ ಹೊತ್ತಿಗೆ ಮುಚ್ಚುತ್ತಿದ್ದರು ಎಂಬುದನ್ನು ಅಜ್ಜಿಯನ್ನು ಕೇಳಿ ಅದನ್ನೂ ಪಕ್ಕದಲ್ಲಿ ಬರೆಯಿರಿ.